ಕೂಡೋ ಎಂದವನು

ನನ್ನ ಕೈ ಸ್ವಲ್ಪ ಮುಂದು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಟೀಚರಮ್ಮ ಅಂದಕೂಡಲೇ ಜನ ಏನೇನೋ ಅಂದುಕೊಳ್ಳುತ್ತಾರೆ. ಶಹಾಪುರದ ನಮ್ಮ ಮನೆಯಲ್ಲಿ ಎಲ್ಲರ ಕೈಯೂ ಮುಂದೇ. ಅಬ್ಬಾ ಟೇಲರ್ ಆಗಿದ್ದರು. ಬಟ್ಟೆ ಅಳೆಯುವ ಕಟ್ಟಿಗೆಯ ಗಜ ನಮ್ಮ ಬೆನ್ನಿಗೂ ಚೆನ್ನಾಗಿ ಗೊತ್ತಿತ್ತು. ಅಮ್ಮಿ ಒಲೆಯ ಮುಂದೆ ಕೂತಲ್ಲಿಂದಲೇ ಚಮಚ ಎಸೆದರೆ ಗುರಿ ತಪ್ಪುತ್ತಿರಲಿಲ್ಲ. ಅಣ್ಣ ಚಿಕ್ಕ ವಯಸ್ಸಿಗೇ ವೆಲ್ಡಿಂಗ್ ಅಂಗಡಿ ಸೇರಿದ, ಕಬ್ಬಿಣ ಬಡಿದೂ ಬಡಿದೂ ಮನುಷ್ಯರೂ ಬಡಿದರೆ ನೆಟ್ಟಗಾಗುತ್ತಾರೆ ಎಂದು ನಂಬಿದ. ಹೊಡೆದ ಮೇಲೆ ಎಲ್ಲರೂ ನೆಲಕ್ಕೆ ಹಾಸಿದ ಒಂದೇ ದಸ್ತರ್‌ಖಾನಿನ ಸುತ್ತ ಕೂತು ಉಣ್ಣುತ್ತಿದ್ದೆವು. ಏಟು ತಿಂದವರಿಗೆ ಒಂದು ತುಂಡು ಹೆಚ್ಚು ಸಿಗುತ್ತಿತ್ತು. ಅದನ್ನೇ ಪ್ರೀತಿ ಅಂದುಕೊಂಡು ಬೆಳೆದೆವು.

ನಾನು ಕನ್ನಡ ಶಾಲೆಯಲ್ಲಿ ಓದಿ ಕನ್ನಡವನ್ನೇ ಕಲಿಸುವವಳಾದೆ. ಮನೆಯಲ್ಲಿ ದಖ್ಖನಿ, ಶಾಲೆಯಲ್ಲಿ ಪುಸ್ತಕದ ಕನ್ನಡ, ಬಜಾರಿನಲ್ಲಿ ಊರಿನ ಕನ್ನಡ. ಅಣ್ಣ ನಮ್ಮ ಜೊತೆ ದಖ್ಖನಿಯಲ್ಲೇ ಮಾತಾಡುತ್ತಾನೆ. ಸಿಟ್ಟು ಬಂದರೆ ಮಾತ್ರ ಅಂಗಡಿಯ ಕನ್ನಡ ಬಾಯಿಗೆ ಬರುತ್ತದೆ. ಮೂರನೆಯ ತರಗತಿಗೆ ಉಕ್ತಲೇಖನ ಕೊಡುವುದು ನನಗೆ ಬಲು ಇಷ್ಟ. ನಾನು ಹೇಳುತ್ತಾ ಹೋಗಬೇಕು, ಮಕ್ಕಳು ಬರೆಯುತ್ತಾ ಹೋಗಬೇಕು. ‘ಡ’ ಬರೆಯಬೇಕಾದಲ್ಲಿ ‘ದ’ ಬರೆದರೆ ನನಗೆ ಮೈಯೆಲ್ಲ ಉರಿಯುತ್ತದೆ. ಹಿಂದೆ ಸ್ಕೇಲು ನೇರವಾಗಿ ಬೆರಳಿನ ಗೆಣ್ಣಿನ ಮೇಲೆ ಬೀಳುತ್ತಿತ್ತು. ಹೊಡೆಯಬಾರದು ಎಂಬ ನಿಯಮ ಬಂದ ಮೇಲೆ ಮೇಜಿಗೆ ಹೊಡೆಯುತ್ತೇನೆ. ಒಮ್ಮೊಮ್ಮೆ ಮೇಜು ತಪ್ಪಿಹೋಗುತ್ತದೆ.

ಇದೆಲ್ಲ ನಡೆದ ವರ್ಷ ತಂಗಿಯ ಮದುವೆಯಾಗಿತ್ತು. ಹುಡುಗ ಹೈದರಾಬಾದಿನವನು, ಏಸಿ ರಿಪೇರಿ ಕೆಲಸ, ಕನ್ನಡದ ಒಂದು ಅಕ್ಷರವೂ ಬಾರದು. ಮಾತಿನ ಮಲ್ಲ, ಆದರೆ ಮನಸ್ಸು ಕೆಟ್ಟದ್ದಲ್ಲ. ದಸರಾ ರಜೆಗೆ ಹೆಂಡತಿಯ ಜೊತೆ ಬಂದವನು ನಾಲ್ಕು ದಿನ ಮೊಬೈಲಿನಲ್ಲಿ ಸಮುದ್ರದ ನಡುವಿನ ದ್ವೀಪಗಳ ವಿಡಿಯೋ ನೋಡುತ್ತಾ ಹಾಸಿಗೆಯಲ್ಲೇ ಕಳೆದ. ನೀಲಿ ನೀರು, ಬಿಳಿ ಮರಳು, ತೂಗುಮಂಚ. ‘ನಿಮ್ಮೂರಿನಲ್ಲಿ ಬರೀ ಕಲ್ಲುಗುಡ್ಡ’ ಎಂದು ನಕ್ಕ. ಅಣ್ಣನಿಗೆ ಅದು ನಾಟಿತು. ನಮ್ಮ ಕೃಷ್ಣಾ ಹೊಳೆಯಲ್ಲಿ ಬೇಕಾದಷ್ಟು ದ್ವೀಪ ಇವೆ, ತೋರಿಸುತ್ತೇನೆ ಬಾ ಎಂದು ಅವನ ಬೆನ್ನಿಗೆ ಒಂದು ಗುದ್ದು ಕೊಟ್ಟ. ಪ್ರೀತಿಯ ಗುದ್ದು, ಆದರೂ ಹುಡುಗ ಕೆಮ್ಮಿದ.

ನನ್ನ ಗಂಡನಿಗೆ ಕಡೇಚೂರಿನ ಕಾರ್ಖಾನೆಯಲ್ಲಿ ರಜೆ ಸಿಗಲಿಲ್ಲ. ಹೀಗಾಗಿ ಅಣ್ಣ, ನಾನು, ತಂಗಿ, ಅವಳ ಗಂಡ, ನಾಲ್ಕೇ ಜನ ಕಾರಿನಲ್ಲಿ ಹೊರಟೆವು. ಸುರಪುರ ದಾಟುವವರೆಗೆ ಅಣ್ಣ ಇಬ್ಬರು ಬೈಕಿನವರಿಗೂ ಒಂದು ಎಮ್ಮೆಗೂ ಬೈದಿದ್ದ. ಹೊಳೆಯ ದಂಡೆಯಲ್ಲಿ ಜಾಲಿ ಗಿಡದ ಕೆಳಗೊಂದು ಚಹಾದಂಗಡಿ, ಅದರ ಮುಂದೆ ಬುಟ್ಟಿಯಂಥ ದುಂಡನೆಯ ಹರಗೋಲು. ಆಚೆ ನೀರಿನ ನಡುವೆ ಸಾಲಾಗಿ ನಾಲ್ಕು ಸಣ್ಣ ನಡುಗಡ್ಡೆಗಳು. ನಮ್ಮ ಕಡೆಯವರು ಗಡ್ಡಿ ಅನ್ನುತ್ತಾರೆ. ಮಳೆಗಾಲ ಮುಗಿದಿತ್ತು, ನೀರು ಇಳಿದಿತ್ತು, ಆದರೆ ಗಡ್ಡಿಗಳ ನಡುವಿನ ಸಂದುಗಳಲ್ಲಿ ಸೆಳೆತ ಇನ್ನೂ ಜೋರಾಗಿಯೇ ಇತ್ತು.

ಹರಗೋಲಿನವನಿಗೆ ಅರವತ್ತು ದಾಟಿರಬೇಕು. ಒಣಕಲು ಮೈ, ಬಾಯಲ್ಲಿ ತಂಬಾಕು. ನಾನು ಟೀಚರ್ ಎಂದು ಗೊತ್ತಾದದ್ದೇ ‘ಅಕ್ಕೋರೆ’ ಎಂದು ಕರೆಯತೊಡಗಿದ. ನಾನು ಕಾಕಾ ಅಂದೆ. ಹತ್ತುವ ಮೊದಲು ಒಂದೇ ಮಾತು ಹೇಳಿದ.

“ನಾ ಕೂಡ್ರಿ ಅಂದ್ರ ಕೂಡಬೇಕ್ರಿ. ಹರಗೋಲ ತಿರಗತದ, ತಿರಗಲಿ. ಯಾರರೆ ನಿಂತ್ರ ಮಗಚತದ ನೋಡ್ರಿ.”

ಇದನ್ನು ತಂಗಿಯ ಗಂಡನಿಗೆ ದಖ್ಖನಿಯಲ್ಲಿ ತಿಳಿಸಿ ಹೇಳಬೇಕಾದವಳು ನಾನೇ. ಬಾಯಿ ತೆರೆದೆ ಕೂಡ. ಅಷ್ಟರಲ್ಲಿ ಬಿರಿಯಾನಿಯ ಡಬ್ಬಿಯ ಮುಚ್ಚಳ ಸಡಿಲಾಗಿದೆ ಎಂದು ಅಣ್ಣ ತಂಗಿಯ ಮೇಲೆ ಹರಿಹಾಯ್ದ, ನಾನು ಅಣ್ಣನ ಮೇಲೆ ಹರಿಹಾಯ್ದೆ, ಆ ಜಗಳದಲ್ಲಿ ಮಾತು ಅಲ್ಲೇ ಉಳಿಯಿತು.

ಮೊದಲ ಗಡ್ಡಿಯಲ್ಲಿ ಬರೀ ಜಾಲಿ, ಕಣಗಿಲೆ, ಕಾಲಿಗೆ ಚುಚ್ಚುವ ಮುಳ್ಳು. ಇಳಿದು ಹತ್ತು ಹೆಜ್ಜೆ ನಡೆದಿಲ್ಲ, ಕಲ್ಲಿನ ಸಂದಿಯಿಂದ ಒಂದು ಹಾವು ಹರಿದು ನೀರಿನ ಕಡೆ ಹೊರಟಿತು. ತಂಗಿ ಕಿರುಚಿದಳು. ಅಣ್ಣ ಎರಡೂ ಕೈಯಲ್ಲಿ ಒಂದು ಗುಂಡುಕಲ್ಲು ಎತ್ತಿ ಅದರ ತಲೆಯ ಮೇಲೆ ಹಾಕಿದ. ಬಾಲ ಇನ್ನೂ ಹೊರಳುತ್ತಿತ್ತು, ಮತ್ತೊಂದು ಕಲ್ಲು ಹಾಕಿದ, ಮತ್ತೊಂದು. ಕಾಕಾ ಹಿಂದಿನಿಂದ ಬಂದು ನೋಡಿದ.

“ನೀರಹಾವ್ ಐತ್ರಿ ಅದು. ಏನೂ ಮಾಡ್ತಿರಲಿಲ್ಲ. ಮನಿಗಿ ಹೊಂಟಿತ್ತು.”

“ಮೊದಲ ಹೇಳಬೇಕಿಲ್ಲೇನು?” ಎಂದ ಅಣ್ಣ.

“ಕೇಳಾಕ ಎಲ್ಲಿ ಟೈಮ್ ಕೊಟ್ರಿ?”

ನನಗೆ ನಗು ಬಂತು. ಅಣ್ಣ ನನ್ನ ಕಡೆ ತಿರುಗಿದ್ದೇ ನುಂಗಿಕೊಂಡೆ.

ಎರಡನೆಯದು ಗಿಡವಿಲ್ಲದ ಬರೀ ಬಂಡೆ. ನೀರಕಾಗೆಗಳು ರೆಕ್ಕೆ ಹರಡಿ ಬಿಸಿಲಿಗೆ ಒಣಗಿಸುತ್ತಾ ಕೂತಿದ್ದವು. ತಂಗಿಯ ಗಂಡ ಚಪ್ಪಟೆ ಕಲ್ಲು ಹುಡುಕಿ ನೀರಿನ ಮೇಲೆ ಪುಟಿಸಿದ, ಅಣ್ಣನೂ ಪುಟಿಸಿದ. ತಂಗಿ ಮೊಣಕಾಲವರೆಗೆ ಸಲ್ವಾರ್ ಮಡಚಿ ನೀರಿನಲ್ಲಿ ಕಾಲು ಬಿಟ್ಟಳು. ಮೂರನೆಯದರಲ್ಲಿ ಒಬ್ಬ ರೈತನ ಅಂಗೈಯಗಲದ ಶೇಂಗಾ ಹೊಲ. ಅವನು ಕಿತ್ತುಕೊಟ್ಟ ಹಸಿ ಶೇಂಗಾವನ್ನು ಅಲ್ಲೇ ಸುಟ್ಟು ಖಡಕ್ ರೊಟ್ಟಿಯ ಜೊತೆ ತಿಂದೆವು. ಯಾರೂ ಯಾರಿಗೂ ಬೈಯಲಿಲ್ಲ. ನಿಜ ಹೇಳಬೇಕೆಂದರೆ ನನ್ನ ಜೀವನದಲ್ಲಿ ಅಷ್ಟು ನೆಮ್ಮದಿಯ ಎರಡು ತಾಸು ಹೆಚ್ಚಿಲ್ಲ. ಹೀಗೂ ಬದುಕಬಹುದಲ್ಲ, ಒಬ್ಬರ ಮೇಲೊಬ್ಬರು ಕೈ ಎತ್ತದೆ, ಅನ್ನಿಸಿತು. ಅನ್ನಿಸಿದ್ದಷ್ಟೇ.

ಮೂರಕ್ಕೂ ನಾಲ್ಕಕ್ಕೂ ನಡುವೆ ಸೆಳೆತ ಹೆಚ್ಚು, ಎಲ್ಲರನ್ನೂ ಒಂದೇ ಸಲ ಕೂರಿಸುವುದಿಲ್ಲ ಎಂದ ಕಾಕಾ. ಮೊದಲು ಅಣ್ಣನನ್ನೂ ಬಿರಿಯಾನಿಯನ್ನೂ ಆಚೆ ಬಿಟ್ಟು ಬಂದ. ಆಮೇಲೆ ನಾವು ಮೂವರು ಹತ್ತಿದೆವು. ತಂಗಿ ಹೆದರಿ ದುಪಟ್ಟಾದಿಂದ ತಲೆ, ಮುಖ, ಕಿವಿ ಎಲ್ಲ ಬಿಗಿದುಕೊಂಡು ತಳದಲ್ಲಿ ಮುದುಡಿ ಕೂತಳು. ನಡುನೀರಿನಲ್ಲಿ ಹರಗೋಲು ಒಂದು ಸುತ್ತು ಹಾಕಿತು. ಎದುರಿನ ಬಂಡೆಯ ಮೇಲೆ ಉದ್ದಕ್ಕೆ ಏನೋ ಮಲಗಿತ್ತು. ಮೊಸಳೆಯೋ ಮರದ ದಿಮ್ಮಿಯೋ ನನಗೆ ಇವತ್ತಿಗೂ ಗೊತ್ತಿಲ್ಲ. ತಂಗಿಯ ಗಂಡ ‘ಮಗರ್! ಮಗರ್!’ ಎಂದು ಕೂಗುತ್ತಾ ಮೊಬೈಲು ಹಿಡಿದು ಎದ್ದು ನಿಂತ. ಹರಗೋಲು ಒಂದು ಕಡೆ ವಾಲಿತು. ಅವನ ಅಂಗಿ ಹಿಡಿದು ಎಳೆಯಲು ನಾನೂ ಅರ್ಧ ಎದ್ದೆ.

“ಕೂಡೋ! ತಮ್ಮಾ, ಕೂಡೋ!” ಎಂದು ಕಾಕಾ ಕೂಗಿದ.

ನಾನು ದಪ್ಪನೆ ಕೂತೆ. ತಂಗಿಯ ಗಂಡ ಕಣ್ಣು ಮುಚ್ಚಿ ಹೊಳೆಗೆ ಹಾರಿದ.

ಅವನಿಗೆ ಈಜು ಬಾರದು. ಒಮ್ಮೆ ತಲೆ ಕಂಡಿತು, ಒಮ್ಮೆ ಒಂದು ಕೈ, ಆಮೇಲೆ ಬರೀ ನೀರು. ತಂಗಿ ದುಪಟ್ಟಾ ಕಿತ್ತು ಕಿರುಚತೊಡಗಿದಳು. ಕಾಕಾ ಹುಟ್ಟನ್ನು ಒಳಗೆ ಎಸೆದು ಅಂಚಿನಿಂದ ನೀರಿಗೆ ಜಾರಿದ, ಒಂದು ಕೈಯಲ್ಲಿ ಹರಗೋಲಿನ ಹಗ್ಗ, ಇನ್ನೊಂದು ಕೈಯಲ್ಲಿ ಹುಡುಗನ ಕೂದಲು. ಹಾಗೇ ಕಾಲು ಬಡಿಯುತ್ತಾ ನಮ್ಮನ್ನೂ ಅವನನ್ನೂ ನಾಲ್ಕನೆಯ ಗಡ್ಡಿಯ ಅಂಚಿಗೆ ಎಳೆದು ತಂದ. ಆ ವಯಸ್ಸಿನಲ್ಲಿ ಅದು ಹೇಗೆ ಸಾಧ್ಯವಾಯಿತೋ.

ನನಗೆ ಆಗ ಕಂಡದ್ದು ಒಂದೇ. ಯಾರೋ ನಮ್ಮ ಮನೆಯ ಅಳಿಯನ ಕೂದಲು ಹಿಡಿದು ಕಲ್ಲಿನ ಮೇಲೆ ದರದರ ಎಳೆಯುತ್ತಿದ್ದಾನೆ. ಮೊಣಕಾಲುದ್ದ ನೀರಿಗೆ ಇಳಿದವಳೇ ಕಾಕಾನ ಕೆನ್ನೆಗೆ ಬಾರಿಸಿದೆ. “ಕೂದಲ ಬಿಡು!” ಎಂದು ಅರಚಿದೆ. ಅವನು ಬಿಡಲಿಲ್ಲ. ದಂಡೆಗೆ ತಂದು ಮಲಗಿಸಿ, ಬೋರಲು ಹಾಕಿ, ಬೆನ್ನು ಗುದ್ದಿ ನೀರು ಕಕ್ಕಿಸಿದ ಮೇಲೆಯೇ ಬಿಟ್ಟ. ಮುಳುಗುವವನನ್ನು ಕೂದಲು ಹಿಡಿದೇ ಎಳೆಯುತ್ತಾರಂತೆ; ಕೈಗೆ ಕೈ ಕೊಟ್ಟರೆ ಅವನು ನಮ್ಮನ್ನೂ ಎಳೆದುಕೊಳ್ಳುತ್ತಾನೆ. ಇದು ನನಗೆ ಆಮೇಲೆ ತಿಳಿಯಿತು. ನನಗೆ ಎಲ್ಲವೂ ಹೊಡೆದ ಮೇಲೆಯೇ ತಿಳಿಯುವುದು.

ಅಣ್ಣ ಓಡಿ ಬಂದ. ತಂಗಿಯ ಗಂಡ ಕೆಮ್ಮುತ್ತಾ ಬೆರಳು ತೋರಿಸಿದ. “ಉನೇಚ್ ಕೂದೋ ಬೋಲಾ! ಉನೇಚ್!”

ಅವನೇ ಹಾರು ಅಂದ. ದಖ್ಖನಿಯಲ್ಲಿ ‘ಕೂದೋ’ ಅಂದರೆ ಹಾರು. ನನ್ನ ಕಣ್ಣ ಮುಂದೆ ಮಕ್ಕಳ ನೋಟ್‌ಬುಕ್ ತೆರೆದುಕೊಂಡಿತು. ಡ, ದ. ಕೂಡೋ, ಕೂದೋ. ಕುಳಿತುಕೋ ಎಂದು ಒಬ್ಬ ಕೂಗಿದ್ದ, ಹಾರು ಎಂದು ಇನ್ನೊಬ್ಬ ಕೇಳಿಸಿಕೊಂಡಿದ್ದ. ಆ ಕ್ಷಣವೇ ನನಗೆ ಪೂರ್ತಿ ಅರ್ಥವಾಯಿತು. ಅರ್ಥವಾಗಲಿಲ್ಲ ಎಂದು ಯಾರ ಮುಂದೆಯೂ ನಾನು ಹೇಳಲಾರೆ.

ಅಣ್ಣ ಹರಗೋಲಿನಿಂದ ಹುಟ್ಟು ಎತ್ತಿಕೊಂಡಿದ್ದ. “ನೀರಾಗ ಹಾರು ಅಂತೀಯೇನಲೇ?” ಮೊದಲ ಏಟು ಹೆಗಲಿಗೆ ಬಿತ್ತು. ಒದ್ದೆ ಮೈಯ ಮೇಲೆ ಬಿದ್ದ ಕಟ್ಟಿಗೆಯ ಸಪ್ಪಳ ನನಗೆ ಹಲ್ಲಿನಲ್ಲಿ ಕೇಳಿಸಿತು.

“ನಾ ಹಂಗ ಅಂದಿಲ್ರಿ. ಕೂಡೋ ಅಂದೀನ್ರಿ.”

“ಸುಳ್ಳು ಬ್ಯಾರೆ!” ಎರಡನೆಯದು ಬೆನ್ನಿಗೆ. ಕಾಕಾ ಮೊಣಕಾಲೂರಿ ಬಿದ್ದ. ಬಿದ್ದಲ್ಲಿಂದ ನನ್ನ ಕಡೆ ನೋಡಿದ. “ಅಕ್ಕೋರೆ, ನೀವರೆ ಹೇಳ್ರಿ.”

ಅಣ್ಣ ಹುಟ್ಟು ಎತ್ತಿದವನು ಹಾಗೇ ನಿಂತ. ನನ್ನ ಕಡೆ ತಿರುಗಿದ. “ನೀ ಕನ್ನಡ ಟೀಚರ್. ನೀ ಅಲ್ಲೇ ಇದ್ದಿ. ಹೇಳು, ಏನಂದ ಇಂವ?”

ಅಣ್ಣ ಕೇಳಿದ್ದ. ಅದು ಮುಖ್ಯ. ಹೊಡೆಯುತ್ತಿದ್ದವನು ನಡುವೆ ನಿಂತು ಕೇಳಿದ್ದು ನಾನು ಕಂಡಂತೆ ಅದೇ ಮೊದಲು. ಒಂದೇ ಒಂದು ಶಬ್ದ ಹೇಳಿದ್ದರೆ ಸಾಕಿತ್ತು. ಆದರೆ ಕಾಕಾನ ಕೆನ್ನೆಯ ಮೇಲೆ ನನ್ನ ನಾಲ್ಕು ಬೆರಳು ಕೆಂಪಗೆ ಎದ್ದಿದ್ದವು. ಅವನದು ತಪ್ಪಿಲ್ಲ ಅಂದರೆ ಆ ಬೆರಳು ಯಾರವು? ತಂಗಿಯ ಮುಂದೆ ಅವಳ ಗಂಡ ಪೆದ್ದನಾಗುತ್ತಾನೆ. ಮೊದಲೇ ತಿಳಿಸಿ ಹೇಳಬೇಕಾಗಿದ್ದವಳು ನಾನೇ ಎಂದು ಹೊರಬರುತ್ತದೆ. ಎತ್ತಿದ ಹುಟ್ಟು ಎಲ್ಲಾದರೂ ಇಳಿಯಲೇಬೇಕು, ಅದು ನನ್ನ ಕಡೆ ಇಳಿಯುತ್ತದೆ. ಇಷ್ಟೆಲ್ಲ ಒಂದು ಉಸಿರಿನಲ್ಲಿ ಯೋಚಿಸಿದೆ. ಹೇಡಿಯಾದೆ.

“ನನಗ ಕೇಳಿಲ್ಲ” ಅಂದೆ.

ಮೂರನೆಯ ಏಟು ತಲೆಗೆ ಬರುತ್ತಿತ್ತು. ಕಾಕಾ ಬಲಗೈ ಅಡ್ಡ ಹಿಡಿದ. ಒಣ ಕಟ್ಟಿಗೆ ಮುರಿದಂತೆ ಒಂದು ಸದ್ದು. ಮುಂಗೈ ಕೆಳಗೆ ಜೋತುಬಿತ್ತು. ಅವನು ಆ ಕೈಯನ್ನು ಇನ್ನೊಂದು ಕೈಯಲ್ಲಿ ಎತ್ತಿ ತೊಡೆಯ ಮೇಲಿಟ್ಟುಕೊಂಡು ನನ್ನನ್ನೇ ನೋಡುತ್ತಾ ಕೂತ. ಅಣ್ಣ ಹುಟ್ಟು ಕೆಳಗಿಟ್ಟ. ಅವನ ಸಿಟ್ಟು ಯಾವಾಗಲೂ ಹಾಗೇ, ಏನಾದರೂ ಮುರಿದ ಮೇಲೆ ಇಳಿಯುತ್ತದೆ. ಬಿರಿಯಾನಿಯ ಡಬ್ಬಿ ಬಂಡೆಯ ಮೇಲೆ ಹಾಗೇ ಉಳಿಯಿತು, ಯಾರೂ ಮುಟ್ಟಲಿಲ್ಲ.

ಆಗ ನೆನಪಾಯಿತು, ನಾವು ಇನ್ನೂ ಹೊಳೆಯ ನಡುವೆ ಇದ್ದೇವೆ. ಹುಟ್ಟು ಹಾಕುವ ಕೈಯನ್ನು ನಾವೇ ಮುರಿದಿದ್ದೆವು. ಕೊನೆಗೆ ಅಣ್ಣನೇ ಹುಟ್ಟು ಹಿಡಿದ. ಐವರ ಭಾರಕ್ಕೆ ನೀರು ಅಂಚಿನವರೆಗೂ ಬಂತು. ಕಾಕಾ ಸೆಳೆತ ಕಡಿಮೆ ಇರುವ ಬಳಸುದಾರಿಯನ್ನು ಎಡಗೈಯಿಂದ ತೋರಿಸುತ್ತಾ ಬಂದ. ಇತ್ತ, ಅತ್ತ. ದಂಡೆ ಮುಟ್ಟುವವರೆಗೂ ಬಾಯಿಂದ ಒಂದು ಶಬ್ದ ಹೊರಡಲಿಲ್ಲ. ಮಾತಾಡಿದ್ದಕ್ಕೆ ಏನಾಯಿತು ಎಂದು ಅವನಿಗೆ ಗೊತ್ತಿತ್ತು.

ದಂಡೆಯ ಚಹಾದಂಗಡಿಯ ಮುಂದೆ ಜನ ಸೇರಿದರು. ಅಣ್ಣ ಎಲ್ಲರಿಗೂ ಕೇಳುವಂತೆ ಕೂಗಿದ. “ಮಂದೀನ ನಡುನೀರಾಗ ಹಾರು ಅಂತಾನ ಈ ಮುದುಕ! ಇವನ ಹರಗೋಲ ಹತ್ತಬ್ಯಾಡ್ರಿ!” ಆಮೇಲೆ ಅವನನ್ನೇ ಕಾರಿನಲ್ಲಿ ಕೂರಿಸಿಕೊಂಡು ಆಸ್ಪತ್ರೆಗೂ ಕರೆದೊಯ್ದ. ಹೇಗಾಯಿತು ಎಂದು ನರ್ಸ್ ಕೇಳಿದಳು. “ಕಲ್ಲ ಮ್ಯಾಲ ಬಿದ್ದಾನ್ರಿ” ಎಂದ ಅಣ್ಣ. 

ತಂಗಿಯ ಗಂಡ ಹೈದರಾಬಾದಿಗೆ ಹೋಗಿ ಕಥೆ ಬೆಳೆಸಿದ. ಪ್ರತಿ ಸಲ ಫೋನಿನಲ್ಲಿ ಕೇಳಿದಾಗಲೂ ಹರಗೋಲಿನ ಮುದುಕ ಇನ್ನಷ್ಟು ದಪ್ಪಗಾಗಿರುತ್ತಿದ್ದ, ಕಣ್ಣು ಕೆಂಪಗಾಗಿರುತ್ತಿದ್ದವು, ಮೊಸಳೆಗಳು ಎರಡಾಗಿದ್ದವು. ಅಮ್ಮಿ ನೆರೆಯವರ ಮುಂದೆ ಮಗನ ಕೈ ಬಲ ಹೊಗಳಿದಳು. ನಾನು ಅಡುಗೆಮನೆಗೆ ಹೋಗಿ ಪಾತ್ರೆ ಕುಕ್ಕುತ್ತಿದ್ದೆ. ಸಿಟ್ಟು ಯಾರ ಮೇಲೆ ಎಂದು ಅಮ್ಮಿ ಕೇಳಿದರೆ ಪಾತ್ರೆಯ ಮೇಲೆ ಅನ್ನುತ್ತಿದ್ದೆ.

ಸಂಕ್ರಾಂತಿಯ ಹಿಂದುಮುಂದು ಒಂದು ದಿನ ಉಕ್ತಲೇಖನ ಕೊಡುತ್ತಿದ್ದೆ. ‘ನೆಲದ ಮೇಲೆ ಕೂಡು’ ಎಂದು ಹೇಳಿದೆ. ಎರಡನೆಯ ಸಾಲಿನ ಹುಡುಗಿ ‘ಕೂದು’ ಎಂದು ಬರೆದಿದ್ದಳು. ಅವಳ ಮನೆಯಲ್ಲಿಯೂ ನಮ್ಮ ಹಾಗೆ ದಖ್ಖನಿಯೇ. ನನ್ನ ಸ್ಕೇಲು ಮೇಲೆದ್ದಿತು. ಹುಡುಗಿ ತಲೆಗೆ ಬಲಗೈ ಅಡ್ಡ ಹಿಡಿದಳು, ಮುಂಗೈ ಮೇಲೆ ಮಾಡಿ, ಥೇಟ್ ಕಾಕಾನ ಹಾಗೇ.  ಸ್ಕೇಲನ್ನು ಕಿಟಕಿಯಿಂದ ಆಚೆ ಎಸೆದೆ. ಮಕ್ಕಳು ಅದಕ್ಕೂ ಹೆದರಿದರು.

ಆ ಭಾನುವಾರ ಸುರಪುರದ ಬಸ್ ಹತ್ತಿದೆ, ಅಲ್ಲಿಂದ ಟಂಟಂ ಆಟೋ ಹಿಡಿದು ಹೊಳೆಗೆ ಹೋದೆ. ಚಹಾದಂಗಡಿಯ ಮುಂದೆ ನಾಲ್ಕೈದು ಜನ ಇದ್ದರು. ನೀರಿನಲ್ಲಿ ಬೇರೆ ಯಾರದೋ ಹರಗೋಲು ಓಡಾಡುತ್ತಿತ್ತು. ಕಾಕಾನದು ದಂಡೆಯ ಮೇಲೆ ಬೋರಲು ಬಿದ್ದಿತ್ತು, ಮೇಲಿನ ಡಾಂಬರು ಬಿರುಕು ಬಿಟ್ಟಿತ್ತು. ಅವನು ಅದರ ನೆರಳಿನಲ್ಲಿ ಕೂತಿದ್ದ. ಕೈ ಕೂಡಿತ್ತು, ಆದರೆ ಸೊಟ್ಟಗೆ. ಬೆರಳುಗಳು ಪೂರ್ತಿ ಮಡಚುತ್ತಿರಲಿಲ್ಲ.

“ಬರ್ರಿ ಅಕ್ಕೋರೆ. ಕೂಡ್ರಿ.”

ನಾನು ನಿಂತೇ ಇದ್ದೆ. “ಕಾಕಾ, ಅವತ್ತ ನೀವು ಅಂದದ್ದು ನನಗ ಕೇಳಿತ್ತು.”

“ಗೊತ್ತದರಿ.”

“ಹ್ಯಾಂಗ ಗೊತ್ತು?”

“ನಾ ಕೂಡೋ ಅಂದಾಗ ನೀವು ಕೂತ್ರಲ್ಲರಿ.”

 ಬಾಯಿ ಸುಳ್ಳು ಹೇಳುವುದಕ್ಕೆ ಎಷ್ಟೋ ಮೊದಲು ನನ್ನ ಮೈ ಸತ್ಯ ಹೇಳಿಬಿಟ್ಟಿತ್ತು. ಅವನು ಅದನ್ನು ಕಂಡಿದ್ದ, ಮೂರನೆಯ ಏಟು ಬೀಳುವಾಗಲೂ ಅವನಿಗೆ ಅದು ಗೊತ್ತಿತ್ತು. ಆವತ್ತು ಅವನು ನೋಡಿದ ನೋಟದ ಅರ್ಥ ಅದು.

“ಮತ್ತ ನಮ್ಮ ಅಣ್ಣಗ ಯಾಕ ಹೇಳಲಿಲ್ಲ?”

“ನಿಮ್ಮ ಮಾತಿನ ಮುಂದ ನನ್ನ ಮಾತು ನಡೀತಿತ್ತೇನ್ರಿ?” ಎಂದ. ಸಿಟ್ಟಿಲ್ಲದೆ ಅಂದ, ಅದನ್ನೇ ತಡೆಯಲಾಗಲಿಲ್ಲ. “ಕೈ ಹೋದರ ಹೋಗ್ಲಿರಿ. ಮಂದಿ ಹತ್ತವಲ್ರು ಈಗ. ಮುಳುಗಸಾಂವ ಅಂತಾರ.”

ನಾನು ಅಲ್ಲೇ, ಚಹಾದಂಗಡಿಯವರೆಲ್ಲ ನೋಡುತ್ತಿರುವಾಗಲೇ, ಅಣ್ಣನಿಗೆ ಫೋನ್ ಹಚ್ಚಿದೆ. ಎಲ್ಲರಿಗೂ ಕೇಳುವಂತೆ ಜೋರಾಗಿ, ಕನ್ನಡದಲ್ಲೇ ಹೇಳಿದೆ. “ಹೊಳಿ ದಂಡಿಗಿ ಬಂದೀನಿ. ಕಾಕಾ ಅವತ್ತ ಕೂಡೋ ಅಂದಿದ್ದ. ಕುಂದ್ರು ಅಂದಿದ್ದ. ನನಗ ಸಾಫ್ ಕೇಳಿತ್ತು. ನಾ ನಿನಗ ಸುಳ್ಳು ಹೇಳೀನಿ.” ಆ ಕಡೆ ಗ್ರೈಂಡರ್ ಸದ್ದು ನಿಂತಿತು.  ಆಮೇಲೆ, “ಅಲ್ಲೇ ಇರು. ಬರಾಕತ್ತೇನಿ” ಎಂದ. ಯಾವುದಕ್ಕೆ ಬರುತ್ತಾನೆ ಎಂದು ಹೇಳಲಿಲ್ಲ. ಆದರೂ ಓಡಿಹೋಗಬೇಕು ಅನ್ನಿಸಲಿಲ್ಲ.

ಒಂದು ತಾಸಿನ ಮೇಲೆ ಬೈಕಿನಲ್ಲಿ ಬಂದ. ವೆಲ್ಡಿಂಗ್ ಅಂಗಿಯಲ್ಲೇ ಇದ್ದ, ತೋಳಿನ ತುಂಬ ಸುಟ್ಟ ತೂತು. ಬೈಕನ್ನು ಸ್ಟ್ಯಾಂಡಿಗೂ ಹಾಕದೆ ಕೆಡವಿ ನೇರ ನನ್ನ ಕಡೆ ಬಂದ. “ನಾ ಕೇಳಿದ್ನಲ್ಲ ನಿನಗ! ನಿಂತು ಕೇಳಿದ್ನಲ್ಲ!”  ಕೈ ಎತ್ತಿದ. ಈ ಏಟು ನನ್ನದೇ ಎಂದು ನಾನು ಮುಖ ತಿರುಗಿಸದೆ ನಿಂತೆ.

“ತಮ್ಮಾ,” ಎಂದ ಕಾಕಾ, ಕೂತಲ್ಲಿಂದಲೇ. ಕೂಗಲಿಲ್ಲ. ಸೊಟ್ಟ ಕೈಯಿಂದ ಪಕ್ಕದ ನೆಲ ತಟ್ಟಿದ. “ಕೂಡೋ.”

ಎತ್ತಿದ ಕೈ ಗಾಳಿಯಲ್ಲೇ ನಿಂತಿತು. ಅಣ್ಣ ಆ ಮುಂಗೈಯನ್ನು ನೋಡಿದ, ಆಮೇಲೆ ನೆಲವನ್ನು. ಮೊಣಕಾಲು ಮಡಚಿ ಮರಳಿನಲ್ಲಿ ಕೂತ, ತಲೆ ಬಗ್ಗಿಸಿದ. ಅವನಿಗೆ ಕನ್ನಡ ಚೆನ್ನಾಗಿ ಬರುತ್ತದೆ.